ಸುರಿದ ಮೆಕ್ಕೆಜೋಳ, ಬೆಳೆದ ಮೇವು: ಜಿಂಕೆ ಬೇಟೆಗಾರರ ಜಗಳ ನಿಜಕ್ಕೂ ಯಾವುದರ ಬಗ್ಗೆ?

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಪ್ರತಿ ವರ್ಷ ನವೆಂಬರ್ 15ಕ್ಕೆ ಜಿಂಕೆಗಳ ಬಂದೂಕು ಬೇಟೆ ಶುರುವಾಗುತ್ತದೆ. ಅದಕ್ಕೂ ಮೊದಲೇ ಉತ್ತರ ಭಾಗದ ಪೆಟ್ರೋಲ್ ಬಂಕ್‌ಗಳ ಮುಂದೆ ಕ್ಯಾರೆಟ್, ಸಕ್ಕರೆ ಬೀಟ್, ಸೇಬು, ಮೆಕ್ಕೆಜೋಳದ ಚೀಲಗಳು ಕಾಣಿಸಿಕೊಳ್ಳುತ್ತವೆ. ಇವು ಮನೆಯ ಅಡುಗೆಗಲ್ಲ. ಬೇಟೆಗಾರರು ಇವನ್ನು ಕಾಡಿನಲ್ಲಿ ಸುರಿದು, ಸ್ವಲ್ಪ ದೂರದಲ್ಲಿ ಮರೆಯಾಗಿ ಕೂತು ಜಿಂಕೆ ಬರುವುದನ್ನು ಕಾಯುತ್ತಾರೆ. ಇದಕ್ಕೆ ಬೇಟಿಂಗ್ ಎನ್ನುತ್ತಾರೆ. ಅಂದರೆ ಆಮಿಷ ಒಡ್ಡುವುದು.

ಅದೇ ಊರಿನ ಇನ್ನೊಬ್ಬ ಬೇಟೆಗಾರ ಒಂದು ಚೀಲವನ್ನೂ ಕೊಳ್ಳುವುದಿಲ್ಲ. ಅವನಿಗೆ ಸ್ವಂತ ಜಮೀನಿದೆ. ಆಗಸ್ಟ್‌ನಲ್ಲೇ ಟ್ರ್ಯಾಕ್ಟರ್ ಹೊಡೆದು, ಮಣ್ಣಿಗೆ ಸುಣ್ಣ ಹಾಕಿ, ಕಾಡಿನಂಚಿನ ಅರ್ಧ ಎಕರೆಯಲ್ಲಿ ಟರ್ನಿಪ್, ಓಟ್ಸ್, ಕ್ಲೋವರ್ ಸೊಪ್ಪು ಬಿತ್ತಿರುತ್ತಾನೆ. ಕೊಯ್ಲು ಮಾಡುವ ಉದ್ದೇಶವೇ ಇಲ್ಲ. ಬೆಳೆದದ್ದೆಲ್ಲ ಜಿಂಕೆಗೆ. ಇದು ಫುಡ್ ಪ್ಲಾಟ್, ನಮ್ಮ ಮಾತಿನಲ್ಲಿ ಮೇವಿನ ತಾಕು. ನವೆಂಬರ್ ಬಂದಾಗ ಅವನೂ ಆ ತಾಕಿನ ಅಂಚಿನಲ್ಲಿ ಮರೆಯಾಗಿ ಕೂರುತ್ತಾನೆ.

ಇಬ್ಬರೂ ತಿನ್ನಲು ಇಟ್ಟು ಕಾಯುತ್ತಾರೆ, ಅಲ್ವಾ? ಆದರೆ ಮಿಷಿಗನ್‌ನ ದಕ್ಷಿಣ ಪರ್ಯಾಯ ದ್ವೀಪದಲ್ಲಿ (ನೀರಿನಿಂದ ಬೇರ್ಪಟ್ಟ ಆ ರಾಜ್ಯದ ಎರಡು ಭಾಗಗಳಲ್ಲಿ ಇದು ಒಂದು) ಮೊದಲನೆಯವನಿಗೆ ದಂಡ ಬೀಳುತ್ತದೆ, ಎರಡನೆಯವನಿಗೆ ಏನೂ ಆಗುವುದಿಲ್ಲ. ಅಮೆರಿಕದ ಬೇಟೆಗಾರರ ನಡುವೆ ವರ್ಷಗಳಿಂದ ನಡೆಯುತ್ತಿರುವ ಜಗಳ ಇಲ್ಲಿಂದಲೇ ಹುಟ್ಟುತ್ತದೆ. ಹೊರಗಿನಿಂದ ನೋಡಿದರೆ ಸಣ್ಣ ವಿಷಯ ಅನ್ನಿಸಬಹುದು. ಆದರೆ ಇದರೊಳಗೆ ಪ್ರಾಣಿಯ ಆರೋಗ್ಯ, ನ್ಯಾಯ, ಜಮೀನಿನ ಒಡೆತನ ಎಲ್ಲವೂ ಸಿಕ್ಕಿಕೊಂಡಿವೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ರೋಗದ ವಿಷಯದಲ್ಲಿ ಕಾನೂನು ಎಳೆದ ಗೆರೆ ಸರಿ. ಆದರೆ ಅದೇ ಗೆರೆಯನ್ನು ತೋರಿಸಿ ಒಬ್ಬ ಒಳ್ಳೆಯ ಬೇಟೆಗಾರ, ಇನ್ನೊಬ್ಬ ಕೆಟ್ಟವನು ಎಂದು ತೀರ್ಮಾನಿಸುವುದು ಸರಿಯಲ್ಲ.

ಗೆರೆ ಎಲ್ಲಿದೆ ಎಂದು ಮೊದಲು ನೋಡೋಣ. ಬಹುತೇಕ ರಾಜ್ಯಗಳ ನಿಯಮದ ತಿರುಳು ಒಂದೇ. ಆಹಾರ ನಿಂತ ನೆಲದಲ್ಲೇ ಬೆಳೆದಿದ್ದರೆ, ಅಥವಾ ಮಾಮೂಲಿ ಬೇಸಾಯದಿಂದ ಅಲ್ಲಿ ಬಿದ್ದಿದ್ದರೆ ಅದು ಆಮಿಷವಲ್ಲ. ಬೇರೆಲ್ಲಿಂದಲೋ ತಂದು ಹಾಕಿದರೆ ಆಮಿಷ. ಸೇಬಿನ ಮರದಿಂದ ತಾನಾಗಿ ಉದುರಿದ ಹಣ್ಣಿನ ಹತ್ತಿರ ಕೂತರೆ ತಪ್ಪಿಲ್ಲ. ಅದೇ ಹಣ್ಣನ್ನು ಬುಟ್ಟಿಯಲ್ಲಿ ಹೊತ್ತು ನೂರು ಹೆಜ್ಜೆ ಆಚೆ ಸುರಿದರೆ ತಪ್ಪು. ಮೆಕ್ಕೆಜೋಳದ ಹೊಲದ ಅಂಚಿನಲ್ಲಿ ಕೂರಬಹುದು. ಅದೇ ಹೊಲದ ತೆನೆಗಳನ್ನು ಕಾಡಿಗೆ ಸಾಗಿಸಿ ರಾಶಿ ಹಾಕುವಂತಿಲ್ಲ.

ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ಟೆಕ್ಸಾಸ್‌ನಲ್ಲಿ ಖಾಸಗಿ ಜಮೀನಿನಲ್ಲಿ ಮೆಕ್ಕೆಜೋಳ ಹಾಕಿ ಬೇಟೆಯಾಡುವುದು ಕಾನೂನುಬದ್ಧ. ಅಲ್ಲಿ ಬ್ಯಾಟರಿ ಮತ್ತು ಟೈಮರ್ ಇರುವ ಡಬ್ಬಗಳನ್ನು ಕಂಬದ ಮೇಲೆ ನಿಲ್ಲಿಸುತ್ತಾರೆ. ಅವು ಬೆಳಿಗ್ಗೆ ಸಂಜೆ ಹೊತ್ತಿಗೆ ಸರಿಯಾಗಿ ಕಾಳು ಎರಚುತ್ತವೆ. ಅಲಬಾಮಾದಲ್ಲಿ ಮೊದಲು ಆಮಿಷದಿಂದ ನೂರು ಗಜ ದೂರದಲ್ಲಿ, ಆಮಿಷ ಕಣ್ಣಿಗೆ ಕಾಣದ ಹಾಗೆ ಕೂತರೆ ಮಾತ್ರ ಸರಿ ಎಂಬ ನಿಯಮವಿತ್ತು. 2019ರಿಂದ ಪ್ರತ್ಯೇಕ ಲೈಸೆನ್ಸ್ ಕೊಂಡರೆ ನೇರವಾಗಿ ಆಮಿಷದ ಮುಂದೆಯೇ ಕೂರಬಹುದು. ಶುಲ್ಕ ಕಟ್ಟಿದರೆ ನಿನ್ನೆಯ ತಪ್ಪು ಇವತ್ತು ಸರಿಯಾಗುತ್ತದೆ ಎಂದಾದರೆ, ಆ ನಿಯಮ ನೀತಿಯ ಬಗ್ಗೆ ನಮಗೆ ಹೆಚ್ಚೇನೂ ಹೇಳುವುದಿಲ್ಲ.

ಹಾಗಾದರೆ ಮಿಷಿಗನ್ ಯಾಕೆ ನಿಷೇಧಿಸಿತು? ಉತ್ತರ ರೋಗದಲ್ಲಿದೆ. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇಡೀ ವಾದದಲ್ಲಿ ಗಟ್ಟಿ ನೆಲ ಅಂತ ಇರುವುದು ಇಲ್ಲೇ.

ಮೊದಲು ಬಂದದ್ದು ಕ್ಷಯ. ದನಗಳಿಗೆ ಬರುವ ಟಿಬಿ 1994ರಲ್ಲಿ ರಾಜ್ಯದ ಈಶಾನ್ಯ ಭಾಗದಲ್ಲಿ ಬೇಟೆಯಾಡಿದ ಒಂದು ಕಾಡು ಜಿಂಕೆಯಲ್ಲಿ ಸಿಕ್ಕಿತು. ಆಮೇಲೆ ಹುಡುಕುತ್ತಾ ಹೋದರೆ ಅದು ಅಲ್ಲಿನ ಜಿಂಕೆಗಳಲ್ಲಿ ನೆಲೆಯೂರಿತ್ತು. ಆ ಭಾಗದ ಬೇಟೆ ಕ್ಲಬ್‌ಗಳು ಹೆಚ್ಚು ಜಿಂಕೆಗಳು ಉಳಿಯಲಿ ಎಂದು ಚಳಿಗಾಲದಲ್ಲಿ ಲೋಡುಗಟ್ಟಲೆ ಮೇವು ಸುರಿಯುತ್ತಿದ್ದವು. ಒಂದೇ ರಾಶಿಗೆ ಹತ್ತಾರು ಜಿಂಕೆಗಳು ಮೂತಿ ಹಾಕುತ್ತಿದ್ದವು. ಒಂದು ಕಚ್ಚಿ ಬಿಟ್ಟ ಗೆಡ್ಡೆಯನ್ನು ಇನ್ನೊಂದು ತಿನ್ನುತ್ತಿತ್ತು. ಕೊನೆಗೆ ರೋಗ ಜಿಂಕೆಗಳಿಂದ ರೈತರ ದನಗಳಿಗೂ ಹೋಯಿತು.

ಆಮೇಲೆ ಬಂದದ್ದು ಇನ್ನೂ ಭಯಂಕರ. ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಚುಟುಕಾಗಿ ಸಿಡಬ್ಲ್ಯೂಡಿ. 1967ರಲ್ಲಿ ಕೊಲೊರಾಡೊದಲ್ಲಿ ಸಾಕಿದ ಜಿಂಕೆಗಳಲ್ಲಿ ಇದು ಮೊದಲು ಗಮನಕ್ಕೆ ಬಂತು. ಇದಕ್ಕೆ ಕಾರಣ ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ. ಪ್ರಿಯಾನ್ ಎಂಬ, ತಪ್ಪಾಗಿ ಮಡಚಿಕೊಂಡ ಪ್ರೋಟೀನ್. ಅದು ಮಿದುಳಿನ ಒಳ್ಳೆಯ ಪ್ರೋಟೀನ್‌ಗಳನ್ನೂ ತನ್ನಂತೆ ಮಡಚುತ್ತದೆ. ಜಿಂಕೆ ಬಡಕಲಾಗುತ್ತದೆ, ಜೊಲ್ಲು ಸುರಿಸುತ್ತದೆ, ತೂರಾಡುತ್ತದೆ, ಕೊನೆಗೆ ಸಾಯುತ್ತದೆ. ಬದುಕಿ ಉಳಿಯುವ ಮಾತಿಲ್ಲ. ಔಷಧಿ ಇಲ್ಲ, ಲಸಿಕೆಯೂ ಇಲ್ಲ. ಲಕ್ಷಣ ಕಾಣುವ ಹೊತ್ತಿಗೆ ಸೋಂಕು ತಗುಲಿ ಒಂದು ವರ್ಷಕ್ಕಿಂತ ಜಾಸ್ತಿ ಆಗಿರುತ್ತದೆ. ಅಷ್ಟೂ ದಿನ ನೋಡಲು ಆರೋಗ್ಯವಾಗಿಯೇ ಇರುವ ಪ್ರಾಣಿ ಜೊಲ್ಲು, ಮೂತ್ರ, ಹಿಕ್ಕೆಗಳ ಮೂಲಕ ಪ್ರಿಯಾನ್ ಹರಡುತ್ತಿರುತ್ತದೆ. ಮಣ್ಣಿಗೆ ಸೇರಿದ ಪ್ರಿಯಾನ್ ಮಣ್ಣಿನ ಕಣಗಳಿಗೆ ಅಂಟಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ. ಬಿಸಿಲು, ಹಿಮ ಯಾವುದಕ್ಕೂ ಸುಲಭವಾಗಿ ಜಗ್ಗುವುದಿಲ್ಲ.

ಮನುಷ್ಯರಿಗೆ ಇದು ತಗುಲಿದ ಖಚಿತ ಪ್ರಕರಣ ಈವರೆಗೆ ಇಲ್ಲ. ಆದರೂ ರೋಗ ಇರುವ ಪ್ರದೇಶದ ಜಿಂಕೆಯ ಮಾಂಸವನ್ನು ಪರೀಕ್ಷೆ ಮಾಡಿಸಿ, ಸೋಂಕು ಇದ್ದರೆ ತಿನ್ನಬೇಡಿ ಎಂದು ಅಲ್ಲಿನ ಆರೋಗ್ಯ ಇಲಾಖೆಗಳು ಹೇಳುತ್ತವೆ. ವಿಸ್ಕಾನ್ಸಿನ್‌ನಲ್ಲಿ 2002ರಲ್ಲಿ ಈ ರೋಗ ಪತ್ತೆಯಾಯಿತು. ಮಿಷಿಗನ್‌ನ ಕಾಡು ಜಿಂಕೆಗಳಲ್ಲಿ 2015ರಲ್ಲಿ. ಈಗ 30ಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. ಮಿಷಿಗನ್ 2019ರ ಜನವರಿ ಕೊನೆಯಿಂದ ಇಡೀ ದಕ್ಷಿಣ ಪರ್ಯಾಯ ದ್ವೀಪದಲ್ಲಿ ಆಮಿಷವನ್ನೂ ಮೇವು ಹಾಕುವುದನ್ನೂ ನಿಲ್ಲಿಸಿತು. ನಿಷೇಧ ತೆಗೆಯಲು ಶಾಸನಸಭೆ ಮಸೂದೆ ಪಾಸು ಮಾಡಿದಾಗ 2020ರಲ್ಲಿ ಗವರ್ನರ್ ಗ್ರೆಚೆನ್ ವಿಟ್ಮರ್ ಅದನ್ನು ತಡೆದರು. ವಿಸ್ಕಾನ್ಸಿನ್‌ನಲ್ಲಿ ಕೌಂಟಿ ಲೆಕ್ಕ. ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥ ಭಾಗ. ರೋಗ ಸಿಕ್ಕ ಕೌಂಟಿಯಲ್ಲಿ 3 ವರ್ಷ ನಿಷೇಧ. ರೋಗ ಸಿಕ್ಕ ಜಾಗದಿಂದ 10 ಮೈಲಿಯೊಳಗೆ ಬರುವ ಪಕ್ಕದ ಕೌಂಟಿಗಳಲ್ಲಿ 2 ವರ್ಷ. ಮತ್ತೆ ರೋಗ ಸಿಕ್ಕರೆ ಲೆಕ್ಕ ಹೊಸದಾಗಿ ಶುರು.

ಈಗ ಮೇವಿನ ತಾಕಿಗೆ ಬನ್ನಿ. ಅಲ್ಲೂ ಜಿಂಕೆಗಳು ಸೇರುತ್ತವೆ, ಹಿಕ್ಕೆ ಹಾಕುತ್ತವೆ, ಜೊಲ್ಲು ಬಿಡುತ್ತವೆ. ಹಾಗಾದರೆ ವ್ಯತ್ಯಾಸವೇನು? ಸಾಂದ್ರತೆ. ಅರ್ಧ ಎಕರೆ ಕ್ಲೋವರ್‌ನಲ್ಲಿ ಜಿಂಕೆ ಒಂದು ಕಡೆ ಎಲೆ ಕಚ್ಚಿ, ಎರಡು ಹೆಜ್ಜೆ ಮುಂದೆ ಹೋಗಿ ಇನ್ನೊಂದು ಎಲೆ ಕಚ್ಚುತ್ತದೆ. ರಾಶಿಯ ಮುಂದೆ ಮೂತಿಗೆ ಮೂತಿ ತಾಗುತ್ತದೆ. ತಿಂದು ಮುಗಿದ ಜಾಗಕ್ಕೇ ನಾಳೆ ಮತ್ತೆ ಹೊಸ ರಾಶಿ ಬೀಳುತ್ತದೆ, ಅದೇ ಮಣ್ಣನ್ನು ಜಿಂಕೆಗಳು ಮತ್ತೆ ನೆಕ್ಕುತ್ತವೆ. ಹಾಗಂತ ತಾಕಿನಲ್ಲಿ ಅಪಾಯವೇ ಇಲ್ಲ ಎಂದಲ್ಲ. ಪುಟ್ಟ ತಾಕಿನಲ್ಲಿ ಹಿಂಡು ಹಿಂಡಾಗಿ ಜಿಂಕೆಗಳು ಸೇರಿದರೆ ಅಲ್ಲಿನ ಮಣ್ಣೂ ಕೆಡುತ್ತದೆ. ಆದರೆ ರಾಶಿಯಷ್ಟು ಅಲ್ಲ. ಮಿಷಿಗನ್‌ನ ಉತ್ತರ ಪರ್ಯಾಯ ದ್ವೀಪದಲ್ಲಿ ಆಮಿಷಕ್ಕೆ ಇನ್ನೂ ಅವಕಾಶವಿದೆ. ಅಲ್ಲೂ ಒಂದು ಜಾಗದಲ್ಲಿ 2 ಗ್ಯಾಲನ್, ಅಂದರೆ ಸುಮಾರು ಏಳೂವರೆ ಲೀಟರ್ ಮಾತ್ರ, ಅದನ್ನೂ ಹರಡಿ ಹಾಕಬೇಕು ಎಂಬ ನಿಯಮವಿದೆ. ಕಾರಣ ಇದೇ.

ರಾಶಿಗೆ ಇನ್ನೊಂದು ತೊಂದರೆ ಇದೆ. ಜಿಂಕೆಯೂ ಹಸುವಿನ ಹಾಗೆ ಮೆಲುಕು ಹಾಕುವ ಪ್ರಾಣಿ. ಮದುವೆ ಮನೆಯ ಹಿತ್ತಲಲ್ಲಿ ಚೆಲ್ಲಿದ ಅನ್ನ ತಿಂದು ಹಸು ಹೊಟ್ಟೆ ಉಬ್ಬರಿಸಿ ಬಿದ್ದದ್ದನ್ನು ಹಳ್ಳಿಯಲ್ಲಿ ಬೆಳೆದವರು ನೋಡಿರುತ್ತಾರೆ. ಚಳಿಗಾಲದ ಜಿಂಕೆಗೂ ಹಾಗೇ ಆಗುತ್ತದೆ. ಅದರ ಹೊಟ್ಟೆಯ ಸೂಕ್ಷ್ಮಜೀವಿಗಳು ಆಗ ಕಡ್ಡಿ, ಮೊಗ್ಗು, ತೊಗಟೆ ಜೀರ್ಣಿಸಲು ಹೊಂದಿಕೊಂಡಿರುತ್ತವೆ. ಇದ್ದಕ್ಕಿದ್ದಂತೆ ಮೆಕ್ಕೆಜೋಳ ಹೊಟ್ಟೆ ತುಂಬ ಸಿಕ್ಕರೆ ಆಮ್ಲ ಏರಿ, ತುಂಬಿದ ಹೊಟ್ಟೆಯಲ್ಲೇ ಸಾಯಬಹುದು. ಕಾಳಿಗೆ ಬೂಷ್ಟು ಹಿಡಿದರೆ ಅಫ್ಲಟಾಕ್ಸಿನ್ ವಿಷ ಬೇರೆ. ಅದು ಅಲ್ಲೇ ಕಾಳು ಹೆಕ್ಕುವ ಕಾಡು ಟರ್ಕಿ ಕೋಳಿಗಳಿಗೂ ಕೆಟ್ಟದ್ದು. ಜಿಂಕೆಗೆ ಹಸಿವಾಗಿದೆ ಪಾಪ ಎಂದು ಮರುಕದಿಂದ ಕಾಳು ಹಾಕುವವರೂ ತಿಳಿಯದೆ ಇದನ್ನೇ ಮಾಡುತ್ತಾರೆ.

ರೋಗದ ಮಾತು ಇಲ್ಲಿಗೆ ಸಾಕು. ಇನ್ನು ನ್ಯಾಯದ ಮಾತು.

ಅಮೆರಿಕದ ಬೇಟೆಗಾರರಿಗೆ ಫೇರ್ ಚೇಸ್ ಎಂಬ ಒಂದು ಕಟ್ಟುಪಾಡಿದೆ. ಪ್ರಾಣಿಗೆ ತಪ್ಪಿಸಿಕೊಳ್ಳುವ ನಿಜವಾದ ಅವಕಾಶ ಇರಬೇಕು, ಬೇಟೆಗಾರ ಸಲ್ಲದ ಅನುಕೂಲ ಪಡೆಯಬಾರದು ಎಂಬುದು ಅದರ ಅರ್ಥ. 1887ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೋಡರ್ ರೂಸ್‌ವೆಲ್ಟ್ ಮತ್ತು ಗೆಳೆಯರು ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಈ ವಿಚಾರವನ್ನು ಬೆಳೆಸಿತು. ಆ ಕಾಲದಲ್ಲಿ ಜಿಂಕೆಗಳನ್ನು ನಾಯಿ ಬಿಟ್ಟು ಕೆರೆಗೆ ಅಟ್ಟಿ ದೋಣಿಯಿಂದ ಕೊಲ್ಲುತ್ತಿದ್ದರು. ರಾತ್ರಿ ದೀಪ ಹಿಡಿದು ಕಣ್ಣು ಕುಕ್ಕಿಸಿ ಹೊಡೆಯುತ್ತಿದ್ದರು. ಮಾಂಸ, ಚರ್ಮದ ವ್ಯಾಪಾರಕ್ಕೆ ಲೆಕ್ಕವಿಲ್ಲದಷ್ಟು ಕೊಲ್ಲುತ್ತಿದ್ದರು. 1900ರ ಹೊತ್ತಿಗೆ ಬಿಳಿಬಾಲದ ಜಿಂಕೆಗಳು ದೇಶದಲ್ಲಿ ಕೆಲವೇ ಲಕ್ಷ ಉಳಿದಿದ್ದವು. ಕಾನೂನು, ಕಟ್ಟುಪಾಡು ಎರಡೂ ಸೇರಿ ಅವನ್ನು ಉಳಿಸಿದವು. ಈಗ ಸುಮಾರು 3 ಕೋಟಿ ಇವೆ ಎಂಬ ಅಂದಾಜಿದೆ.

ಈ ಕಟ್ಟುಪಾಡಿನ ಕಣ್ಣಿನಿಂದ ನೋಡಿದರೆ ರಾಶಿಗೂ ತಾಕಿಗೂ ಎಷ್ಟು ದೂರ? ತಾಕಿನ ಪರ ಇರುವವರು ಹೇಳುವುದು ಹೀಗೆ. ತಾಕು ನೆಲದ ಭಾಗ. ಜಿಂಕೆ ಯಾವ ಕಡೆಯಿಂದ ಬರುತ್ತದೆ, ಯಾವ ಹೊತ್ತಿಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಿರುವುದಿಲ್ಲ. ಗಾಳಿ, ಹೆಜ್ಜೆ ಗುರುತು, ದಾರಿ ಎಲ್ಲ ಕಲಿಯಬೇಕು. ರಾಶಿಯಾದರೆ ಜಿಂಕೆ ಒಂದೇ ಬಿಂದುವಿಗೆ ಬಂದು ತಲೆ ತಗ್ಗಿಸುತ್ತದೆ. ಜೊತೆಗೆ ತಾಕು ವರ್ಷದ ಬಹುಭಾಗ ಮೇವು ಕೊಡುತ್ತದೆ. ಕ್ಲೋವರ್ ಹೂವಿಗೆ ಜೇನು ಬರುತ್ತದೆ, ಹಕ್ಕಿಗಳಿಗೆ ಹುಳ ಸಿಗುತ್ತದೆ.

ದೊಡ್ಡ ತಾಕುಗಳ ಬಗ್ಗೆ ಇದು ನಿಜ. ಹತ್ತು ಎಕರೆಯಲ್ಲಿ ಕ್ಲೋವರ್ ಬೆಳೆಸಿ, ಮಣ್ಣು ನೋಡಿಕೊಂಡು, ಮರಿಗಳಿಗೂ ಹಾಲೂಡುವ ತಾಯಿ ಜಿಂಕೆಗಳಿಗೂ ಬೇಸಿಗೆಯಲ್ಲಿ ಮೇವು ಸಿಗುವ ಹಾಗೆ ಮಾಡುವವನನ್ನು ಆಮಿಷ ಒಡ್ಡುವವನು ಎನ್ನಲು ನನಗೆ ಮನಸ್ಸಿಲ್ಲ. ಆದರೆ ಬೇಟೆಗಾರರೇ ಕಿಲ್ ಪ್ಲಾಟ್ ಎಂದು ಕರೆಯುವ ಇನ್ನೊಂದು ಬಗೆ ಇದೆ. ಕಾಲು ಎಕರೆ, ಅರ್ಧ ಎಕರೆ. ಆಕಾರ, ಜಾಗ ಎಲ್ಲವೂ ಗುರಿಯ ಲೆಕ್ಕದಲ್ಲಿ. ಅಟ್ಟಣೆಯಿಂದ ಬಾಣ ತಲುಪುವ ದೂರದಲ್ಲಿ ಜಿಂಕೆ ನಿಲ್ಲುವಂತೆ ನಡುವೆ ಕಿರಿದು ಮಾಡಿರುತ್ತಾರೆ. ಹಿಮ ಬಿದ್ದ ಮೇಲೆ ಸಿಹಿಯಾಗುವ ಟರ್ನಿಪ್ ಜಾತಿಯ ಸೊಪ್ಪನ್ನೇ ಹುಡುಕಿ ಬಿತ್ತುತ್ತಾರೆ. ಬೇಟೆಯ ತಿಂಗಳು ಮುಗಿದ ಮೇಲೆ ಅದರಿಂದ ಜಿಂಕೆಗೆ ಆಗುವ ಉಪಕಾರ ಕಡಿಮೆ. ಇದು ಬೇರು ಬಿಟ್ಟ ಆಮಿಷವಲ್ಲದೆ ಬೇರೇನು? ಚೀಲದಿಂದ ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ಇದು ನ್ಯಾಯದ ಬೇಟೆಯಾಗುವುದಿಲ್ಲ. ಜಿಂಕೆಯ ಹಸಿವನ್ನು ಲೆಕ್ಕ ಹಾಕಿ, ಅದು ಎಲ್ಲಿ ತಲೆ ತಗ್ಗಿಸಬೇಕು ಎಂದು ನಾವೇ ನಿರ್ಧರಿಸಿದ್ದೇವೆ. ನೀತಿಯ ಪ್ರಶ್ನೆ ಇರುವುದು ಅಲ್ಲಿ.

ನೆಲದ ಪರಿಚಯವಿದ್ದ ಹಳೆಯ ಬೇಟೆಗಾರರೂ ಆಹಾರದ ಹತ್ತಿರವೇ ಕಾಯುತ್ತಿದ್ದರು ಎಂಬ ವಾದವೂ ಇದೆ. ನಿಜ. ಓಕ್ ಮರದ ಕಾಯಿ ಉದುರುವ ಜಾಗದಲ್ಲಿ ಕೂರುವುದು ಅಲ್ಲಿ ಹಳೆಯ ಪದ್ಧತಿ. ನಮ್ಮ ಮಲೆನಾಡಿನಲ್ಲೂ ಬೇಟೆ ನಡೆಯುತ್ತಿದ್ದ ಕಾಲದಲ್ಲಿ ಹಣ್ಣು ಬಿಟ್ಟ ಮರದ ಬಳಿ ಮರಸು ಕೂರುತ್ತಿದ್ದರು. ಆದರೆ ಆ ಮರ ಎಲ್ಲಿದೆ, ಈ ವರ್ಷ ಕಾಯಿ ಬಿಟ್ಟಿದೆಯಾ, ಪ್ರಾಣಿ ಯಾವಾಗ ಬರುತ್ತದೆ ಎಂಬುದನ್ನೆಲ್ಲ ಅವರು ಕಾಡು ಸುತ್ತಿ ಕಂಡುಕೊಳ್ಳಬೇಕಿತ್ತು. ಕಾಡೇ ಇಟ್ಟಿದ್ದನ್ನು ಹುಡುಕುವುದು ಬೇರೆ, ನಮಗೆ ಬೇಕಾದಲ್ಲಿ ನಾವೇ ಇಡುವುದು ಬೇರೆ. ಈ ಅಳತೆಯಲ್ಲಿ ರಾಶಿ ಮತ್ತು ಪುಟ್ಟ ತಾಕು ಒಂದೇ ಕಡೆ ನಿಲ್ಲುತ್ತವೆ.

ಆಮಿಷದ ಪರವಾಗಿಯೂ ಗಟ್ಟಿ ವಾದಗಳಿವೆ. ಅವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹತ್ತಿರದಲ್ಲಿ, ನಿಂತು ತಿನ್ನುತ್ತಿರುವ ಜಿಂಕೆಗೆ ಗುರಿ ಇಡುವುದು ಸುಲಭ. ಗುರಿ ಸರಿಯಾದರೆ ಪ್ರಾಣಿ ಬೇಗ ಸಾಯುತ್ತದೆ. ಪೊದೆಯ ನಡುವೆ ಓಡುತ್ತಿರುವ ಜಿಂಕೆಗೆ ಹೊಡೆದು, ಗಾಯಗೊಂಡ ಅದು ಎಲ್ಲೋ ಹೋಗಿ ಗಂಟೆಗಟ್ಟಲೆ ನರಳುವುದಕ್ಕಿಂತ ಇದು ಮೇಲು. ದಕ್ಷಿಣ ಟೆಕ್ಸಾಸ್‌ನ ಮುಳ್ಳುಪೊದೆಗಳಲ್ಲಿ ಕೆಲವು ಗಜ ಆಚೆಗೆ ಏನೂ ಕಾಣುವುದಿಲ್ಲ. ಅಲ್ಲಿನವರು ಆಮಿಷ ಬೇಕು ಎನ್ನುವುದಕ್ಕೆ ಇದೂ ಕಾರಣ. ಗಂಡೋ ಹೆಣ್ಣೋ, ಮರಿಯ ತಾಯಿಯೋ ಎಂದು ನಿಧಾನವಾಗಿ ನೋಡಿ ನಿರ್ಧರಿಸಲೂ ಸಮಯ ಸಿಗುತ್ತದೆ. ತೋಳಗಳು ಇಲ್ಲವಾದ ಪ್ರದೇಶಗಳಲ್ಲಿ ಜಿಂಕೆಗಳ ಸಂಖ್ಯೆ ಮಿತಿ ಮೀರಿದೆ. ಕಾಡಿನ ಎಳೆ ಸಸಿಗಳನ್ನೆಲ್ಲ ತಿಂದು ಮುಗಿಸುತ್ತವೆ, ರಸ್ತೆಗೆ ಅಡ್ಡ ಬಂದು ಕಾರುಗಳಿಗೆ ಸಿಕ್ಕು ಸಾಯುತ್ತವೆ. ಊರುಗಳೊಳಗೆ ಸರ್ಕಾರದ ಅನುಮತಿಯಿಂದ ಸಂಖ್ಯೆ ಇಳಿಸುವ ಪರಿಣತರೂ ಮೇವು ಹಾಕಿ, ಸುರಕ್ಷಿತ ದಿಕ್ಕಿಗೆ ಸೆಳೆದೇ ಗುಂಡು ಹಾರಿಸುತ್ತಾರೆ. ಅಲ್ಲಿ ಉದ್ದೇಶ ಆಟವಲ್ಲ, ಸಂಖ್ಯೆ ಇಳಿಸುವುದು. ಉದ್ದೇಶ ಬೇರೆಯಾದಾಗ ಅಳತೆಯೂ ಬೇರೆಯಾಗಬೇಕು ಎಂದು ನಾನು ಒಪ್ಪುತ್ತೇನೆ.

ನನ್ನನ್ನು ಹೆಚ್ಚು ತಟ್ಟುವುದು ದುಡ್ಡಿನ ಮತ್ತು ಜಮೀನಿನ ಮಾತು. ಅಮೆರಿಕದಲ್ಲಿ ಕಾಡು ಪ್ರಾಣಿ ಯಾರ ಸ್ವತ್ತೂ ಅಲ್ಲ. ಜನರ ಪರವಾಗಿ ರಾಜ್ಯ ಅದನ್ನು ಕಾಪಾಡುತ್ತದೆ ಎಂಬುದು ಅಲ್ಲಿನ ಕಾನೂನಿನ ಮೂಲ ನಂಬಿಕೆ. ಆದರೆ ಜಿಂಕೆ ನಿಂತ ನೆಲ ಖಾಸಗಿಯದ್ದಿರಬಹುದು. ತಾಕು ಮಾಡಲು ಜಮೀನು ಬೇಕು, ಟ್ರ್ಯಾಕ್ಟರ್ ಬೇಕು, ಬೀಜ, ಗೊಬ್ಬರ, ಕಳೆನಾಶಕ, ಸಮಯ ಎಲ್ಲ ಬೇಕು. ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡಿ, ಎರಡು ದಿನ ರಜೆ ಹಾಕಿ, ಚಳಿಗಾಲಕ್ಕೆ ಫ್ರೀಜರ್‌ನಲ್ಲಿ ಮಾಂಸ ಇಡಲು ಬರುವವನಿಗೆ ಒಂದು ಚೀಲ ಕ್ಯಾರೆಟ್ ಕೈಗೆಟುಕುತ್ತದೆ. ನಲವತ್ತು ಎಕರೆ ಎಟುಕುವುದಿಲ್ಲ. ಅವನ ಚೀಲವನ್ನು ನಿಷೇಧಿಸಿ, ಪಕ್ಕದ ಜಮೀನ್ದಾರನ ತಾಕನ್ನು ಬಿಟ್ಟರೆ ಆಗುವುದೇನು? ಎಲ್ಲರಿಗೂ ಸೇರಿದ ಜಿಂಕೆಗಳು ಜಮೀನಿದ್ದವನ ಕಡೆ ಸರಿಯುತ್ತವೆ. ನಿಷೇಧದ ವಿರುದ್ಧ ಸಿಟ್ಟಾಗಿರುವ ಬೇಟೆಗಾರರಲ್ಲಿ ಹಲವರು ಹೇಳುವುದು ಇದನ್ನೇ. ಅವರ ಸಿಟ್ಟಿನಲ್ಲಿ ನ್ಯಾಯವಿದೆ. ಆದರೂ ಪ್ರಿಯಾನ್‌ಗೆ ಬಡವ ಶ್ರೀಮಂತ ಗೊತ್ತಿಲ್ಲ. ರೋಗ ಇರುವ ಕೌಂಟಿಯಲ್ಲಿ ರಾಶಿ ನಿಲ್ಲಲೇಬೇಕು. ಜೊತೆಗೆ ರಾಜ್ಯ ಮಾಡಬೇಕಾದ ಇನ್ನೊಂದು ಕೆಲಸವಿದೆ. ಸಾರ್ವಜನಿಕ ಕಾಡುಗಳನ್ನು ಚೆನ್ನಾಗಿಟ್ಟು, ಜಮೀನಿಲ್ಲದವನಿಗೂ ಒಳ್ಳೆಯ ಬೇಟೆ ಸಿಗುವಂತೆ ಮಾಡಬೇಕು. ಮಿಷಿಗನ್‌ನಲ್ಲಿ ಅಂಗವೈಕಲ್ಯ ಇರುವ ಬೇಟೆಗಾರರಿಗೆ ನಿಗದಿತ ದಿನಗಳಲ್ಲಿ ಆಮಿಷಕ್ಕೆ ವಿನಾಯಿತಿ ಕೊಟ್ಟಿದ್ದಾರೆ. ಯಾರಿಗೆ ಎಷ್ಟು ಭಾರ ಬೀಳುತ್ತದೆ ಎಂದು ಯೋಚಿಸಿದ ನಿಯಮ ಅದು.

ನೀರುಹಕ್ಕಿಗಳ ವಿಷಯದಲ್ಲಿ ಅಮೆರಿಕ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎದುರಿಸಿತ್ತು. ಬರಗಾಲದಿಂದ ಬಾತುಗಳ ಸಂಖ್ಯೆ ಕುಸಿದಾಗ 1935ರಲ್ಲಿ ಕಾಳು ಚೆಲ್ಲಿ ಅವನ್ನು ಹೊಡೆಯುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿತು. ಇವತ್ತಿಗೂ ಕಾಳನ್ನು ಪೂರ್ತಿ ತೆಗೆದ ಮೇಲೆ 10 ದಿನ ಆ ಜಾಗದಲ್ಲಿ ಬಾತು ಬೇಟೆ ಮಾಡುವಂತಿಲ್ಲ. ನಿಂತ ಬೆಳೆಯ ನಡುವೆ ಆಡಬಹುದು. ಆದರೆ ಕೊಯ್ಲಿಗಲ್ಲದೆ ಸುಮ್ನೆ ಬೆಳೆ ಉರುಳಿಸಿ ಕಾಳು ಉದುರಿಸಿದರೆ ಬಾತುಗಳಿಗೆ ಅದೂ ಆಮಿಷವೇ. ಅಂದರೆ ಬೆಳೆದದ್ದೆಲ್ಲ ತಾನಾಗಿ ಸರಿ ಎಂದು ಆ ಕಾನೂನು ಒಪ್ಪುವುದಿಲ್ಲ, ಬೆಳೆದವನು ಏನು ಮಾಡಿದ ಎಂದು ನೋಡುತ್ತದೆ. ಜಿಂಕೆಯ ನಿಯಮಗಳು ಇಷ್ಟು ದೂರ ಬಂದಿಲ್ಲ.

ನಮ್ಮಲ್ಲಿ ಈ ಜಗಳಕ್ಕೆ ಜಾಗವೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೇನು ಎಂದು ಹೇಳುವಾಗ ಕೊಲ್ಲುವುದು, ವಿಷ ಹಾಕುವುದು, ಉರುಳು ಒಡ್ಡುವುದರ ಜೊತೆಗೆ ಆಮಿಷ ಒಡ್ಡುವುದನ್ನೂ ಸೇರಿಸಿದ್ದಾರೆ. ಗುಂಡು ಹಾರದಿದ್ದರೂ ಅದು ಬೇಟೆಯೇ.

ಆದರೆ ಅಮೆರಿಕದಲ್ಲಿರುವ ಕನ್ನಡದ ಮನೆಗಳಿಗೆ ಇದು ನೇರವಾಗಿ ಸಂಬಂಧಪಟ್ಟದ್ದು. ಡೆಟ್ರಾಯಿಟ್ ಸುತ್ತಮುತ್ತಲ ಬಡಾವಣೆಗಳಲ್ಲಿ, ವಿಸ್ಕಾನ್ಸಿನ್‌ನ ಮ್ಯಾಡಿಸನ್ ಕಡೆಯಲ್ಲಿ ಹಿತ್ತಲಿಗೆ ಜಿಂಕೆಗಳು ಬರುವುದು ಸಾಮಾನ್ಯ. ಮಕ್ಕಳು ನೋಡಿ ಖುಷಿಪಡಲಿ ಎಂದು ಒಂದಿಷ್ಟು ಮೆಕ್ಕೆಜೋಳವನ್ನೋ ಸೇಬಿನ ಹೋಳುಗಳನ್ನೋ ಹುಲ್ಲಿನ ಮೇಲೆ ಹಾಕುವವರಿದ್ದಾರೆ. ಪ್ರೀತಿಯಿಂದಲೇ ಹಾಕುತ್ತಾರೆ. ಆದರೆ ರೋಗದ ಲೆಕ್ಕದಲ್ಲಿ ಆ ಹುಲ್ಲಿನ ಮೇಲಿನ ರಾಶಿಗೂ ಬೇಟೆಗಾರನ ರಾಶಿಗೂ ವ್ಯತ್ಯಾಸವಿಲ್ಲ. ಮಿಷಿಗನ್‌ನ ದಕ್ಷಿಣ ಪರ್ಯಾಯ ದ್ವೀಪದಲ್ಲಿ ನೋಡಿ ಸಂತೋಷಪಡಲು ಜಿಂಕೆಗೆ ಮೇವು ಹಾಕುವುದೂ ಅದೇ ನಿಷೇಧದಲ್ಲಿ ಬರುತ್ತದೆ. ಹಕ್ಕಿಗಳಿಗೆ ಕಾಳು ಇಡಬಹುದು, ಆದರೆ ಜಿಂಕೆಯ ಬಾಯಿಗೆ ಎಟುಕದ ಹಾಗೆ ಇಡಬೇಕು. ಕೆಳಗೆ ಉದುರಿದ ಕಾಳನ್ನು ಆಗಾಗ ಗುಡಿಸಿ ತೆಗೆಯುವುದೂ ಒಳ್ಳೆಯದು. ವಿಸ್ಕಾನ್ಸಿನ್‌ನಲ್ಲಿದ್ದರೆ ನಿಮ್ಮ ಕೌಂಟಿಯಲ್ಲಿ ಈಗ ಯಾವ ನಿಯಮ ಜಾರಿಯಲ್ಲಿದೆ ಎಂದು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ. ಹೊಸ ಜಾಗದಲ್ಲಿ ರೋಗ ಸಿಕ್ಕಿದಂತೆಲ್ಲ ಆ ಪಟ್ಟಿ ಬದಲಾಗುತ್ತದೆ.